ಬಸ್ಸಿನಲ್ಲಿ ಮಾತಾಡಿಸದ ಸುಗುಣಕ್ಕ

ಬೈಂದೂರಿನಿಂದ ಮೊದಲ ಬಸ್ಸು ಹೊರಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಿಂದಿನ ಸೀಟಿನಲ್ಲಿ ಸುಗುಣಕ್ಕ ಕೂತಿದ್ದಾರೆ. ದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಬಂದು ಪಕ್ಕದಲ್ಲೇ ಕೂರುತ್ತಾಳೆ. ಇಬ್ಬರಿಗೂ ಚೆನ್ನಾಗಿ ಪರಿಚಯವಿದೆ. ಆದರೂ ಸುಗುಣಕ್ಕ ತುಟಿಪಿಟಕ್ಕೆನ್ನುವುದಿಲ್ಲ. ನಮ್ಮ ಕಡೆ ಇದು ಸೋಜಿಗವೇ. ಗುರುತಿನವರು ಕಣ್ಣಿಗೆ ಬಿದ್ದರೆ ‘ಎಲ್ಲಿಗ್ ಹೋಪ್ದ್?’ ಎಂದು, ಅಂದರೆ ಎಲ್ಲಿಗೆ ಹೋಗುವುದೆಂದು, ಕೇಳದೆ ಬಿಟ್ಟವರುಂಟೇ?

ಈ ಮೌನವೇ ಅವರ ಕೆಲಸ. ಗಂಡ ಮುಂಬೈಯ ಹೋಟೆಲಿಗೆ ಹೋದವನು ತಿರುಗಿ ನೋಡದಿದ್ದಾಗ ಸುಗುಣಕ್ಕ ಲೈಂಗಿಕ ವೃತ್ತಿಗೆ ಇಳಿದವರು. ಈಗ ಎಚ್‌ಐವಿ ತಡೆಗಾಗಿ ದುಡಿಯುವ ಸಂಸ್ಥೆಯೊಂದರ ಅಧ್ಯಯನಕ್ಕಾಗಿ ಅದೇ ವೃತ್ತಿಯ ಹೆಂಗಸರೊಂದಿಗೆ ಓಡಾಡುತ್ತಾರೆ. ಆ ಹೆಂಗಸರು ಎಲ್ಲಿ ಇಳಿಯುತ್ತಾರೆ, ಯಾರಿಗೆ ಹೆದರುತ್ತಾರೆ, ತಪಾಸಣೆಗೆ ಏಕೆ ಬರುವುದಿಲ್ಲ ಎಂದು ತಿಳಿಯುತ್ತಾರೆ. ದಿನಕ್ಕೆ ನಾಲ್ಕೈದು ಮಂದಿ ಮಾತಿಗೆ ಸಿಕ್ಕರೆ ಅದೇ ದೊಡ್ಡದು. ಸಂಜೆ ಅಧ್ಯಯನದ ಹೊಣೆ ಹೊತ್ತ ಕ್ಷಮಾ ಜೊತೆ ಕೂತು ಎಲ್ಲವನ್ನೂ ಹೇಳುತ್ತಾರೆ.

ಶುರುವಿನಲ್ಲೇ ಒಂದು ಎಡವಟ್ಟಾಗಿತ್ತು. ಕುಂದಾಪುರಕ್ಕೆ ಎಚ್‌ಐವಿ ಮದ್ದಿಗೆ ಹೊರಟಿದ್ದ, ಅದೇ ವೃತ್ತಿಯ ಪದ್ದು ಬಸ್ಸಿನಲ್ಲಿ ಸಿಕ್ಕಿದಳು. ಸುಗುಣಕ್ಕ ರೂಢಿಯಂತೆ ಕೇಳಿಯೇಬಿಟ್ಟರು: “ಹ್ವಾಯ್ ಪದ್ದು, ಎಲ್ಲಿಗ್ ಹೋಪ್ದ್?”

ಗಾಬರಿಯಾದ ಪದ್ದು ಮನೆಯಲ್ಲಿ ಹೇಳಿದ್ದನ್ನೇ ಹೇಳಿದಳು, ಗೇರುಬೀಜದ ಕಾರ್ಖಾನೆಗೆ ಎಂದು. ಮುಂದಿನ ಸೀಟಿನಲ್ಲಿದ್ದ ನೆರೆಮನೆಯವಳು ತಿರುಗಿ, “ಕಾರ್ಖಾನೆ ಹಿಂದೇ ಹೋಯ್ತಲ್ದಾ?” ಎಂದಳು.

ಮರುದಿನದಿಂದ ಪದ್ದು ಆ ಬಸ್ಸು ಹತ್ತಲಿಲ್ಲ. ಮದ್ದಿಗೂ ಬರಲಿಲ್ಲ.

“ನಾ ಪ್ರೀತಿಯಗೇ ಮಾತಾಡ್ಸಿದ್ದ್ ಮರ್ರೆ. ಆದ್ರೆ ಅದ್ರಿಂದ್ಲೇ ಅವ್ಳ್ ಮದ್ದ್ ನಿಂತ್ ಹೋಯ್ತ್. ಅನ್ನ ಸೇರ್ತಿರ್ಲಿಲ್ಲ ನಂಗೆ,” ಎನ್ನುತ್ತಾರೆ ಸುಗುಣಕ್ಕ.

ಮುಚ್ಚಿಡದೆ ಅದನ್ನು ಕ್ಷಮಾಗೆ ಹೇಳಿದರು. ಇಬ್ಬರೂ ಸೇರಿ ಉಳಿದವರನ್ನು ವಿಚಾರಿಸಿದಾಗ ಬಹಳ ಮಂದಿಯ ಕಥೆ ಒಂದೇ ಎಂದು ತಿಳಿಯಿತು. ಬೈಂದೂರಿನ ಕಡೆಯವರಿಗೆ ಕುಂದಾಪುರದಲ್ಲಿ ಕಾಲಿಟ್ಟಲ್ಲೆಲ್ಲ ಗುರುತಿನವರು. ಅದಕ್ಕೇ ಅವರು ದುಡಿಮೆಗೆ ಬ್ರಹ್ಮಾವರದವರೆಗೂ ಹೋಗುತ್ತಾರೆ. ಹಾಗಾಗಿ ಸಂಸ್ಥೆ ಬ್ರಹ್ಮಾವರದಲ್ಲೊಂದು ಕೋಣೆ ಹಿಡಿದು ತಪಾಸಣೆ ಶುರುಮಾಡಿತು, ಮದ್ದೂ ಅಲ್ಲಿಗೇ ತಲುಪುವಂತೆ ಏರ್ಪಾಟು ಮಾಡಿತು.

ಮನೆಯವರಿಗೆ ಸಂಶಯ ಬಂದೀತೆಂದು ಪದ್ದುವಿನ ಮನೆಗೆ ಹೋಗುವಂತಿರಲಿಲ್ಲ. ಸುಗುಣಕ್ಕ ಬೇರೊಬ್ಬಳ ಕೈಲಿ ಹೇಳಿಕಳಿಸಿದರು: ಮದ್ದು ಬ್ರಹ್ಮಾವರದಲ್ಲಿದೆ, ಬಸ್ಸಿನಲ್ಲಿ ನಾನು ಮಾತಾಡಿಸುವುದಿಲ್ಲ. ಮಳೆಗಾಲ ಪೂರ್ತಿ ಕಾದದ್ದಾಯಿತು.

ಬಸ್ಸು ಬ್ರಹ್ಮಾವರಕ್ಕೆ ಬರುತ್ತದೆ. ಸುಗುಣಕ್ಕ ಹಿಂದಿನ ಬಾಗಿಲಿನಿಂದ ಇಳಿಯುತ್ತಾರೆ, ಪಕ್ಕದ ಹೆಂಗಸು ಮುಂದಿನ ಬಾಗಿಲಿನಿಂದ. ಕೋಣೆಯ ಬಾಗಿಲು ಹಾಕಿದ ಮೇಲೆಯೇ ಇಬ್ಬರಿಗೂ ನಗು. ಹೌದು, ಆಕೆಯೇ ಪದ್ದು. ಎರಡೂ ಹೆಸರುಗಳನ್ನು ಇಲ್ಲಿ ಬದಲಿಸಿದೆ. ಫೋಟೋಕ್ಕೂ ಸುಗುಣಕ್ಕ ಒಪ್ಪಲಿಲ್ಲ: “ನನ್ ಮುಖ ಪೇಪರಗೆ ಬಂದ್ರೆ, ನನ್ ಹತ್ರ ಕೂಕಂಡವ್ರ್ ಯಾರ್ ಅಂದೇಳಿ ಜನ ಹುಡುಕ್ತ್ರ್.”

ಹಾಗಾದರೆ ನಿಮಗೇನು ಬೇಕು ಎಂದು ನಾನು ಕೇಳಿದರೆ, ಸುಗುಣಕ್ಕ ಮದ್ದಿನ ಡಬ್ಬಿಯನ್ನು ಚೀಲದ ತಳಕ್ಕೆ ಸೇರಿಸುತ್ತಿರುವ ಪದ್ದುವನ್ನೇ ನೋಡುತ್ತಾರೆ.

“ಒಂದಿನ ಇವ್ಳೇ ಬಸ್ಸಗೆ ಎಲ್ಲರೆದ್ರಿಗೆ ನನ್ನ ಕೇಳ್ಬೇಕ್, ಎಲ್ಲಿಗ್ ಹೋಪ್ದ್ ಅಂದೇಳಿ. ಅಷ್ಟೇ ಸಾಕ್ ನಂಗೆ.”