ಅಗ್ಗವಾಗಿ ಕೆಟ್ಟ ಗುಳಿಗೆ

ಟಿಣ್. ಮೇಜಿನ ಗಾಜಿನ ಮೇಲೆ ಒಂದು ಗುಳಿಗೆ ಬಿದ್ದ ಸದ್ದು. ಗಟ್ಟಿಯಾಗಿ ಕೂತ ಗುಳಿಗೆ ಟಿಣ್ ಅನ್ನುತ್ತದೆ, ತೇವ ಹಿಡಿದದ್ದು ಟಪ್ ಎಂದು ಬಿದ್ದು ಸುಮ್ಮನಾಗುತ್ತದೆ. ಪ್ರತಿ ಬ್ಯಾಚಿನ ಮೊದಲ ಗುಳಿಗೆಗಳನ್ನು ಅಂಗೈಯಲ್ಲಿ ಹಿಡಿದು ತಂದು, ಒಂದೊಂದಾಗಿ ಗಾಜಿನ ಮೇಲೆ ಬೀಳಿಸಿ, ಕಣ್ಣು ಮುಚ್ಚಿ, ಎಡಗಿವಿ ಮೇಜಿಗೆ ತಾಗುವಷ್ಟು ಬಗ್ಗಿ ಅವರು ಆಲಿಸುತ್ತಿದ್ದರು. ಹುಬ್ಬಿನಲ್ಲಿ ಬಿಳಿ ಪುಡಿ, ಕಿವಿಯ ಕೂದಲಲ್ಲೂ ಬಿಳಿ ಪುಡಿ. ಗುರುತಿಲ್ಲದವರು ನೋಡಿದರೆ ಯಾವುದೋ ಬೇಕರಿಯ ಭಟ್ಟಿಯಿಂದ ಎದ್ದು ಬಂದವರು ಅಂದುಕೊಳ್ಳಬೇಕು. ಪಕ್ಕದ ಕೋಣೆಯಲ್ಲಿ ಗುಳಿಗೆಯ ಗಟ್ಟಿತನ ಅಳೆಯುವ ಮಿಷನ್ ಇತ್ತು. ಅದೂ ಕೆಲಸ ಮಾಡುತ್ತಿತ್ತು. "ಮಿಷನ್ ಇನ್‌ಸ್ಪೆಕ್ಟರ್‌ಗೆ, ಕಿವಿ ನನಗ" ಎನ್ನುತ್ತಿದ್ದರು.

ಅವರು ನನ್ನ ಬಾಸ್. ಅಂಧೇರಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ಎರಡನೇ ಮಹಡಿಯಲ್ಲಿ ಅವರ ಪುಟ್ಟ ಕಾರ್ಖಾನೆ. ಮುಖ್ಯವಾಗಿ ಮಾಡುತ್ತಿದ್ದದ್ದು ಒಂದೇ ಗುಳಿಗೆ, ಫಿಟ್ಸ್ ಬರುವವರು ದಿನವೂ ತಪ್ಪದೆ ನುಂಗಬೇಕಾದದ್ದು. ಮುಂಬಯಿಯಲ್ಲಿ ಒಂದು ಕೋಣೆಯ ಕಾರ್ಖಾನೆ ಇಟ್ಟವನೂ ಸೇಠ್. ಅವರಿಗೆ ಆ ಮಾತು ಆಗುತ್ತಿರಲಿಲ್ಲ. "ಸೇಠ್ ಅಂದ್ರ ಗಾದಿ ಮ್ಯಾಲೆ ಕೂಡಾಂವ್ರಿ. ನಾ ಗುಳಿಗಿ ಮಾಡಾಂವ" ಎಂದು ತಿದ್ದುವರು. ಧಾರವಾಡದ ಕಡೆಯವರು, ಫಾರ್ಮಸಿ ಓದಿದವರು. ಮುಂಬಯಿ ಅಷ್ಟು ವರ್ಷ ತಿಕ್ಕಿ ತೊಳೆದರೂ ಅವರ ಮಾತಿನ ಬಣ್ಣ ಬಿಟ್ಟಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಗಂಡನನ್ನು ಕಳೆದುಕೊಂಡ ವರ್ಷ. ನನ್ನವರು ಫೋರ್ಟ್ ಏರಿಯಾದ ಬ್ಯಾಂಕೊಂದರಲ್ಲಿ ಆಫೀಸರ್ ಆಗಿದ್ದರು, ಒಂದು ಮಧ್ಯಾಹ್ನ ಸೀಟಿನಲ್ಲೇ ಕುಸಿದರು. ಆಗ ನಾನು ನಡುವಯಸ್ಸು ದಾಟಿದವಳು. ಬೆಂಗಳೂರಿನ ಕಾನ್ವೆಂಟಿನಲ್ಲಿ ನನ್‌ಗಳು ಕಲಿಸಿದ ಇಂಗ್ಲಿಷ್, ಒಂದಿಷ್ಟು ಟೇಬಲ್ ಮ್ಯಾನರ್ಸ್, ಇವಿಷ್ಟೇ ನನ್ನ ಕ್ವಾಲಿಫಿಕೇಶನ್. ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನವರೊಬ್ಬರು ಹೇಳಿದರೆಂದು ಹೋಗಿ ಬಾಸ್ ಮುಂದೆ ಕೂತೆ.

"ಇಂಗ್ಲಿಷ್ ಛಲೋ ಬರ್ತದೇನ್ರಿ?"

"ಕಾನ್ವೆಂಟ್‌ನಲ್ಲಿ ಓದಿದ್ದು ಸರ್."

"ಹಂಗಾರ ಗುಳಿಗಿ ಸುತ್ತೋ ಫಾಯಿಲ್ ಕಳಸಾಂವಗ ಒಂದು ಪತ್ರ ಬರೀರಿ. ಮ್ಯಾಲಿಂದ ಮ್ಯಾಲೆ ತಡಾ ಮಾಡ್ಲಿಕ್ಕತ್ಯಾನ. ಬೈದಂಗ ಇರಬೇಕು, ಆದ್ರ ಬೈಸ್ಕೊಂಡಾಂವಗ ಸನ್ಮಾನ ಮಾಡ್ಯಾರ ಅನ್ನಿಸಬೇಕು."

ಬರೆದೆ. ನನ್ನ ಬದುಕಿನ ಮೊದಲ ಬಿಸಿನೆಸ್ ಲೆಟರ್. ಅವರು ಓದಿ ಹೊಟ್ಟೆ ಕುಲುಕಿ ನಕ್ಕರು. "ಏನ್ರಿ ಮೇಡಂ, ರೇಷ್ಮಿ ಶಾಲಿನ್ಯಾಗ ಕಲ್ಲು ಸುತ್ತಿ ಹೊಡದೀರಿ! ನಾಳಿಂದ ಬರ್ರಿ." ಡಿಗ್ರಿ ಕೇಳಲಿಲ್ಲ. ವಿಧವೆ ಎಂದು ಅಯ್ಯೋ ಪಾಪ ಅನ್ನಲೂ ಇಲ್ಲ. ಆ ಎರಡನೆಯದಕ್ಕೆ ನಾನು ಇವತ್ತಿಗೂ ಗ್ರೇಟ್‌ಫುಲ್. ಆ ವರ್ಷ ನನ್ನನ್ನು ಕಂಡು ಮರುಗದೇ ಇದ್ದವರು ಇಡೀ ಮುಂಬಯಿಯಲ್ಲಿ ಅವರೊಬ್ಬರೇ.

ಮಳೆಗಾಲದಲ್ಲಿ ಗಾಳಿಯ ತೇವ ಹೆಚ್ಚಾದರೆ ಗುಳಿಗೆ ಒತ್ತುವ ಮಿಷನ್ ನಿಲ್ಲಿಸಿಬಿಡುವರು. ಆರ್ಡರ್ ಕಾದರೆ ಕಾಯಲಿ. ಮಧ್ಯಾಹ್ನ ಪ್ಯಾಕಿಂಗ್ ಹಾಲಿನ ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಂಚಿಕೊಂಡು ತಿನ್ನುವರು. ಆ ಹೆಂಗಸರಿಗೆಲ್ಲ ಹಿರಿಯಳು ರತ್ನಾಗಿರಿ ಕಡೆಯ ಒಬ್ಬ ಮರಾಠಿ ಹೆಂಗಸು. ಎಲ್ಲರಿಗೂ ಅವಳು ಮಾವಶಿ, ಚಿಕ್ಕಮ್ಮ. ಬಾಸ್‌ಗೂ ಮಾವಶಿಯೇ.

ಒಮ್ಮೆ ಫಾಯಿಲ್ ಸಿಗದೆ ಬೆಳ್ಳಿ ಬಣ್ಣದ ಬದಲು ಹಸಿರು ಬಣ್ಣದ್ದು ಹಾಕಿ ಮಾಲು ಕಳಿಸಿದೆವು. ನಾಸಿಕ್‌ನಿಂದ ಒಬ್ಬ ತಾಯಿ ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿ ಅತ್ತಳು. ಬಣ್ಣ ಬೇರೆಯಾಗಿದೆ, ಮಗಳಿಗೆ ಕೊಡಲು ಭಯ. ಒಳಗಿನ ಗುಳಿಗೆ ಅದೇ ಎಂದು ನಾನು ನನ್ನ ಬೆಸ್ಟ್ ವಾಯ್ಸ್‌ನಲ್ಲಿ ವಿವರಿಸಿದೆ. ಬಾಸ್ ರಿಸೀವರ್ ಕಸಿದುಕೊಂಡು, ಕೊರಿಯರ್‌ನಲ್ಲಿ ಸ್ಟಾಕಿನಲ್ಲಿ ಉಳಿದ ಹಳೇ ಬಣ್ಣದ ಗುಳಿಗೆ ಪಟ್ಟಿ ಕಳಿಸುತ್ತೇನೆ ಎಂದು ಮಾತು ಕೊಟ್ಟರು. ಆಮೇಲೆ ನನ್ನತ್ತ ತಿರುಗಿ, "ಫಿಟ್ಸ್ ಇರೋ ಮನಿಯಾಗ ಬದಲಾವಣಿ ಅಂದ್ರನ ಭಯಾರಿ. ಅಲ್ಲಿ ಲಾಜಿಕ್ ಹೇಳಬಾರ್ದು" ಎಂದರು.

ಆಮೇಲೆ ಬಂತು ಆ ಪ್ರೈಸ್ ಕಟ್.

ಇದೇ ಗುಳಿಗೆ ಮಾಡುವ ಒಂದು ಭಾರೀ ಕಂಪನಿ ತನ್ನ ಬೆಲೆಯನ್ನು ಇದ್ದಕ್ಕಿದ್ದಂತೆ ಅರ್ಧಕ್ಕಿಂತ ಕೆಳಗಿಳಿಸಿತು. ಪೇಪರುಗಳು ಹೊಗಳಿದ್ದೇ ಹೊಗಳಿದ್ದು, ಬಡ ರೋಗಿಗಳಿಗೆ ವರದಾನ ಅಂತೆ. ಪೇಪರಿನವರು ಬರೆಯದೆ ಬಿಟ್ಟದ್ದು ಬೇರೆಯಿತ್ತು. ಆ ಕಂಪನಿ ಮೆಡಿಕಲ್ ಅಂಗಡಿಗಳಿಗೆ ಡಬ್ಬಿಗೆ ಡಬ್ಬಿ ಫ್ರೀ ಕೊಡುತ್ತಿತ್ತು. ನಷ್ಟ ತಿಂದು ವರ್ಷಗಟ್ಟಲೆ ಕೂರುವ ಹೊಟ್ಟೆ ಅವರದು. ನಮಗೆ ಎಲ್ಲಿಂದ ಬರಬೇಕು?

ಗ್ರಾಂಟ್ ರೋಡಿನ ನಮ್ಮ ಹೋಲ್‌ಸೇಲ್ ಡಿಸ್ಟ್ರಿಬ್ಯೂಟರ್ ಓಡಿ ಬಂದ. ಗುಜರಾತಿ ಮನುಷ್ಯ, ಬಾಯಿತುಂಬ ಪಾನ್, ಒಳ್ಳೆಯವನೇ.

"ಸೇಠ್‌ಜೀ, ಸೀಧಾ ರಾಸ್ತಾ ಹೈ. ದಾಮ್ ಛಾಪೋ ಜ್ಯಾದಾ, ಬೇಚೋ ಕಮ್."

ಅಂದರೆ, ಪಟ್ಟಿಯ ಮೇಲೆ ದೊಡ್ಡ ಬೆಲೆ ಅಚ್ಚು ಹಾಕಿಸು, ಅಂಗಡಿಯವನಿಗೆ ಪುಡಿಗಾಸಿಗೆ ಕೊಡು. ನಡುವಿನದು ಅವನ ಜೇಬಿಗೆ. ಆಗ ಅವನು ನಿನ್ನ ಗುಳಿಗೆಯನ್ನೇ ಎತ್ತಿ ಎತ್ತಿ ಕೊಡುತ್ತಾನೆ. ಈ ಊರಿನಲ್ಲಿ ಎಷ್ಟೋ ಜನ ಹಾಗೆಯೇ ಬದುಕಿದ್ದಾರೆ. ಕಾನೂನಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ.

"ಔರ್ ಮರೀಜ್?" ರೋಗಿಯ ಗತಿ ಏನೆಂದು ಬಾಸ್ ಕೇಳಿದರು.

"ಮರೀಜ್ ಪೂಛ್ತಾ ಕಹಾಂ ಹೈ?"

"ನಹೀ ಪೂಛ್ತಾ ನಾ? ಇಸೀಲಿಯೇ ಸಚ್ ಛಾಪ್ನಾ ಪಡ್ತಾ ಹೈ."

ರೋಗಿ ಕೇಳುವುದಿಲ್ಲವಲ್ಲ, ಅದಕ್ಕೇ ನಿಜ ಅಚ್ಚು ಹಾಕಬೇಕು ಅಂತೆ! ಡಿಸ್ಟ್ರಿಬ್ಯೂಟರ್ ನನ್ನ ಮುಖ ನೋಡಿದ. ನಾನು ಟೈಪ್ ಮಾಡುತ್ತಿರುವಂತೆ ನಟಿಸಿದೆ.

ಅವರು ಮಾಡಿದ್ದೇನು ಗೊತ್ತೆ? ಭಾರೀ ಕಂಪನಿಗಿಂತಲೂ ಕೆಳಗಿನ ಬೆಲೆ ಇಟ್ಟು, ಆ ನಿಜವಾದ ಬೆಲೆಯನ್ನೇ ಎದ್ದು ಕಾಣುವ ಹಾಗೆ ಪಟ್ಟಿಯ ಬೆನ್ನ ಮೇಲೆ ಅಚ್ಚು ಹಾಕಿಸಿದರು. ಅಗ್ಗವಾದರೆ ಹೆಚ್ಚು ಜನ ಕೊಳ್ಳುತ್ತಾರೆ, ಹೆಚ್ಚು ಮಾರಿದರೆ ಉಳಿಯುತ್ತೇವೆ. ಅಷ್ಟು ಓದಿದ ಮನುಷ್ಯನ ಲೆಕ್ಕ ಇದು. ಅಂಗಡಿಯವನ ಲಾಭ ಅಚ್ಚಾದ ಬೆಲೆಯ ಒಂದು ಪಾಲು, ಬೆಲೆ ಇಳಿದರೆ ಅವನ ಪಾಲೂ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಔಷಧಿ ಮಾರುವವನು ಅಷ್ಟು ಸಣ್ಣವನಾಗಲಾರ ಎಂದು ನಂಬಿದ್ದರು.

ವಿಲೆ ಪಾರ್ಲೆ ಸ್ಟೇಷನ್ ಹತ್ತಿರದ ಮೆಡಿಕಲ್‌ನವನು ನಮ್ಮವನೇ, ಕುಂದಾಪುರದ ಕಡೆಯವನು. ಒಂದು ಸಂಜೆ ಸುಮ್ಮನೆ ಪರೀಕ್ಷೆಗೆಂದು ನಮ್ಮ ಗುಳಿಗೆ ಕೇಳಿದೆ.

"ಅದಾ? ಅದು ಬರುದಿಲ್ಲ ಮೇಡಂ ಈಗ."

"ಬರೋದಿಲ್ಲ ಅಂದ್ರೆ? ಇನ್‌ವಾಯ್ಸ್ ಟೈಪ್ ಮಾಡೋಳೇ ನಾನು. ಗೋಡೌನ್ ತುಂಬಾ ಬಿದ್ದಿದೆ."

ಅವನು ನಾಚಲಿಲ್ಲ, ನಕ್ಕ. "ನಿಮ್ಮತ್ರ ಸುಳ್ಳು ಎಂತಕೆ? ಒಂದು ಪಟ್ಟಿ ಮಾರಿದ್ರೆ ನಂಗೆ ಅರ್ಧ ಗ್ಲಾಸ್ ಕಟಿಂಗ್ ಚಾಯಕ್ಕೂ ಆಗುದಿಲ್ಲ. ಆ ದೊಡ್ಡ ಕಂಪನಿಯವರು ಡಬ್ಬಿಗೆ ಡಬ್ಬಿ ಫ್ರೀ ಕೊಡ್ತಾರೆ. ಈ ಅಂಗಡಿ ಬಾಡಿಗೆ ನಿಮ್ಮ ಸೇಠ್ ಕಟ್ತಾರಾ?"

"ಡಾಕ್ಟರ್ ನಮ್ಮ ಹೆಸರು ಬರೆದಿದ್ರೆ?"

"ಅದೇ ಹೇಳಿದ್ದಲ್ಲ, ಬರುದಿಲ್ಲ ಅಂತ. ಕಂಪನಿ ಬಂದ್ ಆಯ್ತು ಅಂತ ಹೇಳ್ತೇವೆ."

ಕೇಳಿಸಿಕೊಂಡಿರಾ? ಕಂಪನಿ ಇನ್ನೂ ನಡೆಯುತ್ತಿತ್ತು. ಮಿಷನ್ ತಿರುಗುತ್ತಿತ್ತು, ಮಾವಶಿ ಡಬ್ಬಿ ಅಂಟಿಸುತ್ತಿದ್ದಳು. ಇಲ್ಲಿ ಕೌಂಟರಿನ ಹಿಂದೆ ನಿಂತು ಇವರು ಆಗಲೇ ಅದರ ತಿಥಿ ಮಾಡಿ ಮುಗಿಸಿದ್ದರು. ನಮ್ಮ ಬಿಲ್ಡಿಂಗಿನ ವಿದ್ಯಾವಂತ ಹೆಂಗಸರ ಮುಂದೆ ಈ ಸಂಕಟ ತೋಡಿಕೊಂಡರೆ ಒಬ್ಬಳು, "ಆಂಟಿ, ಇಷ್ಟು ಚೀಪ್ ಅಂದ್ರೆ ಡೂಪ್ಲಿಕೇಟ್ ಇರ್ಬೇಕಲ್ವಾ? ಹೆಲ್ತ್ ವಿಷ್ಯದಲ್ಲಿ ನಾವು ಕಾಂಪ್ರಮೈಸ್ ಮಾಡಲ್ಲಪ್ಪ" ಎಂದಳು. ಅವಳ ಮನೆಯಲ್ಲಿ ಯಾರಿಗೂ ಫಿಟ್ಸ್ ಇರಲಿಲ್ಲ.

ಕಂಪನಿ ಬಂದ್ ಅನ್ನುವ ಮಾತು ಹಬ್ಬಿತು. ಔಷಧದ ಪುಡಿ ಸರಬರಾಜು ಮಾಡುವವನು, ಬ್ಯಾಂಕಿನವರು, ಒಂದು ಧರ್ಮಾಸ್ಪತ್ರೆ, ಎಲ್ಲರ ಪ್ರಶ್ನೆಯೂ ಒಂದೇ: ನೀವು ಮುಂದುವರಿಯುತ್ತೀರಾ? ನಾನು ನನ್ನ ಕಾನ್ವೆಂಟ್ ಇಂಗ್ಲಿಷಿನ ರೇಷ್ಮೆಯನ್ನೆಲ್ಲ ಹೊದಿಸಿ ಉತ್ತರ ಟೈಪ್ ಮಾಡುವೆ. ಬಾಸ್ ಅದರಲ್ಲಿ "ಕಾನ್ಫಿಡೆಂಟ್" ಎಂದಿದ್ದ ಕಡೆಯೆಲ್ಲ ಪೆನ್ನಿನಿಂದ ಹೊಡೆದು "ಹೋಪ್‌ಫುಲ್" ಎಂದು ಬರೆಯುವರು. ಆ ಮನುಷ್ಯನಿಗೆ ಒಂದು ಸುಳ್ಳಿನ ನೆರಳೂ ಆಗುತ್ತಿರಲಿಲ್ಲ. ಬಿಸಿನೆಸ್ ಮಾಡಲು ಹುಟ್ಟಿದವರೇ ಅಲ್ಲ.

ಒಂದು ಮಧ್ಯಾಹ್ನ ಮಾವಶಿ ನನ್ನನ್ನು ಮೆಟ್ಟಿಲ ಹತ್ತಿರ ತಡೆದಳು. "ಬಾಯಿ, ಖರಂ ಸಾಂಗಾ. ಬಂದ್ ಹೋಣಾರ ಕಾ?" ಅಮ್ಮಾ, ನಿಜ ಹೇಳಿ, ಕಾರ್ಖಾನೆ ಮುಚ್ಚುತ್ತದೆಯೇ? ಅಷ್ಟರಲ್ಲಿ ಬಾಸ್ ಹಿಂದೆಯೇ ಬಂದರು. ಪ್ಯಾಕಿಂಗ್ ಹಾಲಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದರು: ನನಗೂ ಗೊತ್ತಿಲ್ಲ. ಬೇರೆ ಕಡೆ ಕೆಲಸ ಸಿಕ್ಕರೆ ಹೋಗಿ, ನನ್ನ ಮುಲಾಜು ನೋಡಬೇಡಿ.

ಅವತ್ತು ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿದೆ.

"ಸರ್, ಪ್ರಿಂಟ್ ಬದಲಾಯಿಸಿ. ಎಲ್ಲರೂ ಮಾಡ್ತಾರೆ. ಈ ಹೆಂಗಸರ ಮನೆ ನೋಡಿ ಸ್ವಲ್ಪ."

"ನಿಮ್ಮ ನನ್‌ಗಳು ಇದನ್ನ ಕಲಿಸ್ಯಾರೇನ್ರಿ ಮೇಡಂ?"

"ನನ್‌ಗಳಿಗೆ ಪ್ಯಾಕಿಂಗ್ ಹಾಲ್ ಇರ್ಲಿಲ್ಲ ಸರ್."

ಅವರ ಮುಖ ಸಣ್ಣದಾಯಿತು. ತಮ್ಮ ಬಿಳಿ ಬೆರಳುಗಳನ್ನು ಮೇಜಿನ ಮೇಲೆ ಚಾಚಿದರು. "ಇವತ್ತ ಹೊರಗಿನ ಬೆಲಿ ಸುಳ್ಳು ಛಾಪಸಿದ್ರ, ನಾಳೆ ಒಳಗಿನ ಪುಡಿ ಕಮ್ಮಿ ಹಾಕಲಿಕ್ಕೆ ಕೈ ನಡಗೂದಿಲ್ರಿ. ಮಂದಿ ಕೈ ನನಗ ಗೊತ್ತಿಲ್ಲ. ನನ್ನ ಕೈ ಗೊತ್ತದ."

ಎದ್ದು ಬಂದೆ. ಲೋಕಲ್ ರೈಲಿನಲ್ಲಿ ಮನೆ ತಲುಪುವವರೆಗೂ ಕೋಪ ಕುದಿಯಿತು. ಈಗಲೂ ಕುದಿಯುತ್ತದೆ. ಅವರನ್ನು ದೇವರ ಪಟದಂತೆ ಗೋಡೆಗೆ ತೂಗಿಸಲು ನಾನು ತಯಾರಿಲ್ಲ. ಅವರ ಸತ್ಯಕ್ಕೆ ಬೆಲೆ ತೆತ್ತವರಲ್ಲಿ ಮಾವಶಿಯೂ ಇದ್ದಳು. ಅವಳು ಆಮೇಲೆ ಮಲಾಡಿನ ಶಾಪಿಂಗ್ ಮಾಲೊಂದರ ಟಾಯ್ಲೆಟ್ ತೊಳೆಯುವ ಕೆಲಸಕ್ಕೆ ಸೇರಿದಳು. ಫ್ರಾಂಕ್ಲಿ, ಅದು ಮೊಂಡುತನ. ಆದರೂ ಇಷ್ಟು ವಯಸ್ಸಾದ ಮೇಲೂ, ಫಿಟ್ಸಿನ ಮಗಳಿರುವ ತಾಯಿಯ ಜಾಗದಲ್ಲಿ ನನ್ನನ್ನು ನಿಲ್ಲಿಸಿ ಯಾರ ಕೈಯ ಗುಳಿಗೆ ನುಂಗಿಸುತ್ತೀ ಎಂದು ಕೇಳಿದರೆ ಅವರದಲ್ಲದೆ ಎರಡನೇ ಹೆಸರು ಬಾಯಿಗೆ ಬರುವುದಿಲ್ಲ.

ಕಾರ್ಖಾನೆ ಇಂಥ ದಿನ ಮುಚ್ಚಿತು ಅಂತಿಲ್ಲ. ಮೊದಲು ಮಿಷನ್ ವಾರದಲ್ಲಿ ಕೆಲವು ದಿನ ತಿರುಗಿತು, ಆಮೇಲೆ ಪುಡಿ ಬಂದಾಗ ಮಾತ್ರ. ಕೊನೆಗೆ ಒಂದು ದಿನ ಅದನ್ನು ಗುಜರಾತಿನ ವಾಪಿಯ ಯಾರೋ ಬಂದು ಬಿಚ್ಚಿಕೊಂಡು ಹೋದರು. ನನಗೆ ಬರಬೇಕಾದ ಪೈಸೆ ಪೈಸೆಯನ್ನೂ ಬಾಸ್ ಕೊಟ್ಟು ಮನೆಗೆ ಕಳಿಸಿದರು.

ಮತ್ತೆ? ಭಾರೀ ಕಂಪನಿ ಬೆಲೆ ಏರಿಸಿತು. ಹಳೆಯದಕ್ಕಿಂತಲೂ ಮೇಲೆ. ಈ ಸಲ ಪೇಪರಿನಲ್ಲಿ ವರದಾನದ ಸುದ್ದಿ ಇರಲಿಲ್ಲ. ಕುಂದಾಪುರದವನು ಯಾವ ಸಂಕೋಚವೂ ಇಲ್ಲದೆ ಹೇಳಿದ, "ಎಂತ ಮಾಡುದು ಮೇಡಂ, ಬೇರೆ ಕಂಪನಿಯೇ ಇಲ್ಲಲ್ಲ ಈಗ."

ಬಾಸ್ ತೀರಿಕೊಂಡ ಸುದ್ದಿ ನನಗೆ ಕನ್ನಡ ಸಂಘದ ವಾಟ್ಸ್ಯಾಪ್ ಗ್ರೂಪಿನಲ್ಲಿ ಸಿಕ್ಕಿತು. ಹೃದಯಾಘಾತ. ಯಾರದೋ ಹುಟ್ಟುಹಬ್ಬದ ಕೇಕಿಗೂ ಒಂದು ಯೋಗ ಕ್ಲಾಸಿನ ಜಾಹೀರಾತಿಗೂ ನಡುವೆ ಅವರ ಹಳೆಯ ಫೋಟೋ, ಕೆಳಗೆ ಸಾಲು ಸಾಲು ಮುಗಿದ ಕೈಗಳು. ಮೊದಲು ಕೈ ಮುಗಿದವರಲ್ಲಿ ನಮ್ಮ ಮೆಡಿಕಲ್‌ನವನೂ ಇದ್ದ.

ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಕೆಲವು ತಿಂಗಳ ಹಿಂದೆ, ಅದೇ ಎಸ್ಟೇಟಿನಲ್ಲಿ. ಪ್ರಾವಿಡೆಂಟ್ ಫಂಡಿನ ಕಾಗದಕ್ಕೆ ಸಹಿ ಬೇಕಿತ್ತೆಂದು ಮಧ್ಯಾಹ್ನ ಹೋಗಿದ್ದೆ. ಮಿಷನ್ ಇದ್ದ ಜಾಗದಲ್ಲಿ ನೆಲದಲ್ಲಿ ಬೋಲ್ಟುಗಳ ತೂತು. ಪ್ಯಾಕಿಂಗ್ ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು. ಮೆಡಿಕಲ್ ವ್ಯಾಪಾರದ ಪದ್ಧತಿ ಹಾಗೆ: ತಾರೀಕು ಮೀರಿದ ಮಾಲು ಅಂಗಡಿಯಿಂದ ಡಿಸ್ಟ್ರಿಬ್ಯೂಟರ್‌ಗೆ, ಅಲ್ಲಿಂದ ಮಾಡಿದವನ ಬಾಗಿಲಿಗೇ ವಾಪಸು. ಕೌಂಟರಿನ ಕೆಳಗೆ ಬಚ್ಚಿಟ್ಟದ್ದೆಲ್ಲ ಡೇಟ್ ಮುಗಿಸಿಕೊಂಡು ಮನೆಗೆ ಬಂದಿತ್ತು. ಅವರು ನೆಲದ ಮೇಲೆ ಕೂತು ಒಂದೊಂದೇ ಪಟ್ಟಿ ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಗುಳಿಗೆಗಳನ್ನು ನೀರಿನ ಬಕೆಟ್ಟಿಗೆ ಬೀಳಿಸುತ್ತಿದ್ದರು. ನೀರು ಹಾಲಿನಂತೆ ಬೆಳ್ಳಗಾಗಿತ್ತು.

ಬಾಗಿಲಲ್ಲಿ ಒಬ್ಬ ನಿಂತಿದ್ದ. ಇಂಥ ಮಾಲನ್ನು ಪೆಟ್ಟಿಗೆ ಸಮೇತ ಕೊಳ್ಳುವವನು. ಥಿನ್ನರ್‌ನಿಂದ ತಾರೀಕು ಒರೆಸಿ ಹೊಸದು ಒತ್ತಿ ದೂರದೂರಿಗೆ ಕಳಿಸುತ್ತಾರೆ. "ಅಂಕಲ್, ಕಚರಾ ಹೀ ತೋ ಹೈ. ಪೂರಾ ಉಠಾ ಲೇತಾ ಹೂಂ" ಎಂದು, ಹೇಗೂ ಕಸವೇ, ಪೂರ್ತಿ ಎತ್ತಿಕೊಳ್ಳುತ್ತೇನೆ ಎಂದು ಅವನು ಗೋಗರೆಯುತ್ತಿದ್ದ. ಇವರು ತಲೆ ಎತ್ತಲೂ ಇಲ್ಲ. ಕೊನೆಗೆ ಅವನು ಇವರಿಗೆ ಹುಚ್ಚು ಎಂಬಂತೆ ಕೈ ತಿರುಗಿಸಿ ಇಳಿದು ಹೋದ.

ನಾನು ಬ್ಯಾಗ್ ಕೆಳಗಿಟ್ಟು ಅವರೆದುರು ಕೂತೆ. ಈ ಮಂಡಿನೋವಿನಲ್ಲಿ ನೆಲಕ್ಕೆ ಕೂರುವುದೇ ಒಂದು ಸಾಹಸ.

"ನೀವು ಬ್ಯಾಡ್ರಿ ಮೇಡಂ. ಉಗುರು ಮುರೀತಾವ."

"ಮುರಿದ್ರೆ ಮುರೀಲಿ ಸರ್."

ಬಿಸಿಲು ಇಳಿಯುವವರೆಗೂ ಇಬ್ಬರೂ ಒತ್ತುತ್ತಾ ಕೂತೆವು. ಬೆರಳು ಸೋತ ಮೇಲೆ ನಾನು ಗೋಡೆ ಹಿಡಿದು ಎದ್ದೆ. ಸಹಿ ಆದ ಕಾಗದ ಮಡಚಿ ಬ್ಯಾಗಿಗೆ ಹಾಕಿ, ಬರ್ತೀನಿ ಸರ್ ಎಂದೆ.

ಅವರು ಮುಂದಿನ ಪಟ್ಟಿಗೆ ಕೈ ಚಾಚಿದ್ದರು. "ಹ್ಞೂಂ, ಹುಷಾರಾಗಿ ಇಳೀರಿ. ಲೈಟ್ ಬಂದ್ ಮಾಡಬ್ಯಾಡ್ರಿ, ಇನ್ನೂ ಭಾಳ ಪೆಟ್ಟಿಗಿ ಅದಾವ."