ಸಿಸ್ಟರ್ ಕೈಯಲ್ಲಿದ್ದ ಟಾರ್ಚು

ಮೈಸೂರಿನ ಆ ಆಸ್ಪತ್ರೆಯಲ್ಲಿ ಅವರನ್ನು ನಾನು ಮೊದಲು ಕಂಡದ್ದು ರಿಜಿಸ್ಟರ್‌ಗಳ ರಾಶಿಯ ಹಿಂದೆ. ವಯಸ್ಸಾದವರ ಶುಶ್ರೂಷೆಯಲ್ಲೇ ವಿಶೇಷ ತರಬೇತಿ ಪಡೆದ ಸಿಸ್ಟರ್. ಕೊಟ್ಟಿದ್ದ ಕೆಲಸ ಮಾತ್ರ ಡಿಸ್ಚಾರ್ಜ್ ಕಾಗದ ಬರೆಯುವುದು. ಯಾರಾದರೂ "ವಯಸ್ಸಾಯ್ತಲ್ಲ" ಎಂದರೆ ಸಾಕು, ಪೆನ್ನನ್ನು ಮೇಜಿಗೆ ಕುಟ್ಟಿ, "ವಯಸ್ಸು ಕಾಯಿಲೆ ಅಲ್ಲ ಕಣ್ರೀ" ಅನ್ನುತ್ತಿದ್ದರು.

ಕಾಲು ಮುರಿದು ಮಲಗಿದ್ದ ನಮ್ಮಪ್ಪ ಮೂರು ದಿನದಿಂದ ಊಟ ಬಿಟ್ಟಿದ್ದರು. ಮಾತಾಡಿಸಿದರೆ ಏನೋ ತೊದಲಿ ಸುಮ್ಮನಾಗುತ್ತಿದ್ದರು. "ಅರಳುಮರಳು, ವಯಸ್ಸಾಯ್ತಲ್ಲ" ಎಂದ ಡಾಕ್ಟರು ಮೂಗಿಗೆ ನಳಿಕೆ ಹಾಕಲು ಹೇಳಿದರು. ಸಿಸ್ಟರ್ ಕುರ್ಚಿ ತಳ್ಳಿ ಎದ್ದು ಬಂದರು.

"ಯಜಮಾನ್ರೇ, ಸ್ವಲ್ಪ ಬಾಯಿ ತೆಗೀರಿ."

ಟಾರ್ಚ್ ಬಿಟ್ಟು ನೋಡಿದರೆ ವಸಡೆಲ್ಲ ಹುಣ್ಣು. ವಾರ್ಡಿನ ಹೊಸ ನರ್ಸುಗಳು ಶುಚಿಗೆಂದು ಎಲ್ಲರ ಹಲ್ಲಿನ ಸೆಟ್ಟುಗಳನ್ನೂ ಒಂದೇ ಬೇಸಿನ್ನಿನಲ್ಲಿ ತೊಳೆದಿದ್ದರು. ಅಪ್ಪನ ಬಾಯಲ್ಲಿದ್ದದ್ದು ಪಕ್ಕದ ಮಂಚದವರ ಹಲ್ಲು!

ಸಿಸ್ಟರ್ ಯಾರನ್ನೂ ಬೈಯಲಿಲ್ಲ. ಪ್ರತಿ ಸೆಟ್ಟಿಗೂ ಬೇರೆ ಡಬ್ಬಿ ತರಿಸಿ, ಆ ನರ್ಸುಗಳ ಕೈಯಲ್ಲೇ ಹೆಸರು ಬರೆಸಿದರು. ಹುಣ್ಣು ವಾಸಿಯಾದ ಮೇಲೆ ತಮ್ಮದೇ ಹಲ್ಲು ಹಾಕಿಕೊಂಡ ಅಪ್ಪ ನನಗೆ ಹೇಳಿದ ಮೊದಲ ಮಾತು: "ಗಂಜಿ ಸಾಕು ಕಣೋ, ಕೋಡ್ಬಳೆ ತಂದ್ಬುಡು."

ಮೊನ್ನೆ ಅಪ್ಪನನ್ನು ತಪಾಸಣೆಗೆ ಕರೆದೊಯ್ದೆ. ರಿಜಿಸ್ಟರ್ ಬರೆಯಲು ಬೇರೆಯವರಿದ್ದರು. ಸಿಸ್ಟರ್ ವಾರ್ಡಿನಲ್ಲಿದ್ದರು, ಅವರ ಬೆನ್ನ ಹಿಂದೆ ಅವರೇ ಈಗ ಕಲಿಸುತ್ತಿದ್ದ ಎಂಟು ನರ್ಸುಗಳು. ಮಂಚವೊಂದರ ಬಳಿ ಹೊಸ ಡಾಕ್ಟರೊಬ್ಬರು, "ಊಟ ಮಾಡ್ತಿಲ್ಲ, ವಯಸ್ಸಾಯ್ತಲ್ಲ" ಎಂದರು.

ಸಿಸ್ಟರ್ ಬಾಯಿ ತೆರೆಯುವ ಮೊದಲೇ ಎಂಟು ಜೇಬುಗಳಿಂದ ಎಂಟು ಟಾರ್ಚು ಹೊರಬಂದವು.