ಅನಂತಪ್ಪ ಎತ್ತಿದ ಇಲಿಗಳು

ತೇರದಾಳದ ಅನಂತಪ್ಪ ಜಮಖಂಡಿಯ ಔಷಧ ಕಾಲೇಜೊಂದರ ಇಲಿಮನೆಯ ನೌಕರ. ಹೊತ್ತು ಮುಳುಗುವ ಮೊದಲೇ ಉಂಡು, ನೀರು ಸೋಸಿ ಕುಡಿಯುವ ಜೈನರ ಮನುಷ್ಯನನ್ನು ಈ ಕೆಲಸಕ್ಕೆ ಆರಿಸಿದವರ ಜಾಣತನ ಮೆಚ್ಚಬೇಕು, ಇಲಿಗಳಂತೂ ಮೆಚ್ಚಿದ್ದವು. "ಇಲಿ ಕೊಯ್ಯೂ ಖೋಲಿಗೆ ನಾ ಕಾಲಿಡೂದಿಲ್ರಿ" ಎಂದು ಮೊದಲ ದಿನವೇ ಹೇಳಿ, ಹದಿನಾಲ್ಕು ವರ್ಷ ಕಾಳು ಹಾಕಿದ್ದ, ಗೂಡು ತೊಳೆದಿದ್ದ. "ಇಲಿಗೆ ಜ್ವರ ಬಂದ್ರ ನಿಮಗ ತಿಳೀತೈತಿ, ನನಗ ಬಂದ್ರ ತಿಳಿಯಂಗಿಲ್ಲ" ಎಂದು ಹೆಂಡತಿ ಕಮಲಾಬಾಯಿ ಚುಚ್ಚುತ್ತಿದ್ದಳು.

ಪಿಎಚ್‌ಡಿ ಮಾಡುತ್ತಿದ್ದ ಮನೀಷಾ, ಮರೆವಿನ ರೋಗ ಬರುವಂತೆ ಜೀನ್ ತಿದ್ದಿದ ಇಲಿಗಳನ್ನು ತರಿಸಿ ತನ್ನ ಔಷಧ ತಿನ್ನಿಸಿದಳು, ಹೋಲಿಸಲು ನಿರೋಗಿ ಇಲಿಗಳನ್ನೂ ಇಟ್ಟುಕೊಂಡಳು. ಪರೀಕ್ಷೆಗೆ ಹಾಲಿನಪುಡಿ ಕದಡಿದ ನೀರಿನ ತೊಟ್ಟಿ. ಒಳಗೆ ಕಾಣದಂತೆ ಮುಳುಗಿದ ಮಣೆ. ನೆನಪುಳ್ಳ ಇಲಿ ದಿನದಿನಕ್ಕೆ ಬೇಗ ಮಣೆ ಹತ್ತುತ್ತದೆ. ಮರೆತದ್ದು ನಿಮಿಷ ಪೂರ್ತಿ ಈಜುತ್ತದೆ, ಆಮೇಲಷ್ಟೇ ಎತ್ತಬೇಕು. ನಾಲ್ಕು ದಿನದ ಕಲಿಕೆಯನ್ನು ಅನಂತಪ್ಪನಿಗೆ ಒಪ್ಪಿಸಿ, "ಕಾಕಾ, ಎಷ್ಟು ಸೆಕೆಂಡಿಗೆ ನೀರಿನಿಂದ ಹೊರಗ ಬಂತು, ಅಷ್ಟ ಬರೀರಿ" ಎಂದು ಬೆಳಗಾವಿಗೆ ಹೋದಳು.

ಫೋನಿನಲ್ಲಿ ಮೊದಲ ಮೂರು ದಿನದ ಅಂಕಿ ಕೇಳಿ ಹಿಗ್ಗಿದಳು. ನಲವತ್ತು, ಮೂವತ್ತು, ಹದಿನೈದು! ರೋಗದ ಇಲಿಗಳೂ ನಿರೋಗಿಗಳ ಸಮಕ್ಕೆ ಬಂದಿದ್ದವು. ಔಷಧ ಗೆದ್ದಂತೆಯೇ.

ಐದನೆಯ ದಿನ ಬಂದು ತಾನೇ ಬಿಟ್ಟು ನೋಡಿದರೆ ಒಂದು ಇಲಿಯೂ ಮಣೆ ಹುಡುಕಲಿಲ್ಲ. ಎಲ್ಲವೂ ಅನಂತಪ್ಪ ನಿಂತ ಕಡೆಗೆ ಈಜಿ, ಮೂತಿ ಎತ್ತಿ ಕಾದವು.

"ಕಾಕಾ, ನೀವು ನಡುವ ಎತ್ತಿದ್ರೇನು?"

"ಎತ್ತಿದ್ನಿರಿ. ಜೀವ ಬಡಕೊಳ್ಳಾಕತ್ತಿದ್ರ ಗಡಿಯಾರ ನೋಡ್ಕೋತ ನಿಂದರಲ್ಯಾ? ಮೊದಲ ದಿನ ನಲವತ್ತರ ತನಕ ತಡದೆ, ಆಮ್ಯಾಲ ಆಗಲಿಲ್ಲ. ಹೊರಗ ಬಂದದ್ದು ಬರೀರಿ ಅಂದ್ರಿ, ಬರದೇನಿ. ಒಂದೂ ಸುಳ್ಳಿಲ್ಲ."

"ಇಲಿ ಎತ್ತಿ ನನ್ನ ಪಿಎಚ್‌ಡಿ ಮುಳುಗಿಸಿದ್ರಿ!"

ಅನಂತಪ್ಪ ತಲೆ ತಗ್ಗಿಸಿದ. "ಸಾಹೇಬರಿಗೆ ಹೇಳಿ ನನ್ನ ಕೆಲಸ ಬಿಡಿಸ್ರಿ."

ಮನೀಷಾ ವಹಿಯ ಹಾಳೆ ತಿರುವಿದಳು. ಒಂದು ಅಂಕಿಯನ್ನೂ ಹೊಡೆದು ತಿದ್ದಿರಲಿಲ್ಲ.

"ಬಿಡಿಸಿದ್ರ, ಮುಂದ ಬರಾಂವ ಸುಳ್ಳ ಬರೀತಾನ. ನೀವು ಪೆನ್ನ ಹಿಡೀರಿ, ಇಲಿ ನಾ ಹಿಡೀತೇನಿ."

ಹೊಸ ಇಲಿಗಳು ಬರಲು ನಾಲ್ಕು ತಿಂಗಳು ಹಿಡಿಯಿತು. ಈ ಸಲ ಅನಂತಪ್ಪ ತೊಟ್ಟಿಗೆ ಬೆನ್ನು ಮಾಡಿ ಕೂತ. ಐದನೆಯ ದಿನ ನಿರೋಗಿ ಇಲಿಗಳು ಹತ್ತು ಸೆಕೆಂಡಿಗೇ ಮಣೆ ಹತ್ತಿದವು. ಔಷಧ ತಿಂದ ರೋಗದ ಇಲಿಗಳು ಸುತ್ತಿದವು, ಸುತ್ತುತ್ತಲೇ ಇದ್ದವು.

"ಎಷ್ಟ್ರಿ?"

ಮನೀಷಾ ಇಲಿಯನ್ನು ಎತ್ತಿಕೊಂಡಳು. "ಅರವತ್ತು."

"ಬರೀಲ್ಯಾ?"

"ಬರೀರಿ, ಕಾಕಾ."

ಬರೆದ.